ಅಳಿಯ ಬರೆದುಕೊಂಡ ಉಪ್ಪಿನ ದೂರು

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ 'ಗೊಣಗಾಟ ಓದೋದು' ಎಂದುಬಿಡುತ್ತೇನೆ. ಸುಳ್ಳೇನಲ್ಲ. ಔಷಧ ಕಂಪನಿಯೊಂದರ ನಾಲ್ಕನೇ ಮಹಡಿಯಲ್ಲಿ ಕೂತು, ನಮ್ಮ ಮಾತ್ರೆ ನುಂಗಿದವರಿಗೆ ಏನೇನಾಯಿತು ಎಂದು ಓದುವುದೇ ನನ್ನ ಹೊಟ್ಟೆಪಾಡು. ಒಬ್ಬರಿಗೆ ತುರಿಕೆ, ಒಬ್ಬರಿಗೆ ವಾಂತಿ, ಇನ್ನೊಬ್ಬರಿಗೆ ಮಾತ್ರೆ ಶುರುಮಾಡಿದಾಗಿನಿಂದ ಗಂಡನ ಗೊರಕೆ ಜೋರಾಗಿ ಕೇಳಿಸುತ್ತದೆ. ಎಲ್ಲವನ್ನೂ ಮುಖ ಸಿಂಡರಿಸದೆ ಓದಬೇಕು. ಓದಿ ಎರಡು ಪ್ರಶ್ನೆಗೆ ಉತ್ತರ ಗುರುತು ಮಾಡಬೇಕು. ಇದು ಗಂಭೀರವೋ ಅಲ್ಲವೋ? ಇದು ನಿರೀಕ್ಷಿತವೋ ಅನಿರೀಕ್ಷಿತವೋ? ಮಾತ್ರೆಯ ಡಬ್ಬಿಯೊಳಗೆ ಉದ್ದನೆಯ ಚೀಟಿಯೊಂದನ್ನು ಮಡಚಿ ತುರುಕಿರುತ್ತಾರಲ್ಲ, ಯಾರೂ ಓದದೆ ಬಿಸಾಡುವುದು, ಅದರಲ್ಲಿ ಮೊದಲೇ ಬರೆದಿದ್ದ ತೊಂದರೆಯಾದರೆ ನಿರೀಕ್ಷಿತ. ಬರೆದಿಲ್ಲದ್ದಾದರೆ ಅನಿರೀಕ್ಷಿತ. ಅನಿರೀಕ್ಷಿತ ಎಂದು ಗುರುತು ಮಾಡಿದರೆ ಮೇಲಿನ ಮಹಡಿಯವರ ನಿದ್ದೆ ಕೆಡುತ್ತದೆ. ಹಾಗಾಗಿ ಆ ಗುರುತಿನ ಮೇಲೆ ನನಗೆ ಪ್ರೀತಿ ಸ್ವಲ್ಪ ಜಾಸ್ತಿ.

ಇನ್ನೊಂದು ಕಟ್ಟಳೆಯೂ ಉಂಟು. ನಮ್ಮ ಕಂಪನಿಯ ಸಂಬಳ ತಿನ್ನುವ ಯಾರೇ ಆಗಲಿ, ಬಸ್ಸಿನಲ್ಲೋ ಮದುವೆ ಊಟದಲ್ಲೋ ಯಾರಾದರೂ 'ನಿಮ್ಮ ಮಾತ್ರೆಯಿಂದ ಹೀಗಾಯ್ತು' ಎಂದದ್ದು ಕಿವಿಗೆ ಬಿದ್ದರೆ, ಮರುದಿನದೊಳಗೆ ವರದಿ ಮಾಡಲೇಬೇಕು. ಮದುವೆಗೆ ಹೋಗುವಾಗ ನಮ್ಮವರು ಕಿವಿಗೆ ಹತ್ತಿ ಇಟ್ಟುಕೊಳ್ಳುವುದೊಂದು ಬಾಕಿ. ನನ್ನ ಪಕ್ಕದ ಮೇಜಿನ ಹಿರಿಯರು ಎರಡು ಮಾತಿಗೊಮ್ಮೆ ನಿಟ್ಟುಸಿರು ಬಿಡುತ್ತಾರೆ, ಆದ್ದರಿಂದ ಅವರ ಹೆಸರೇ ನಿಟ್ಟುಸಿರು. ಅವರು ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಆ ಡಾಕ್ಟರ ಅಜೀರ್ಣದ ವರದಿ ಬರೆದುಕೊಂಡು ಬಂದಿದ್ದರು. ಅಂಥ ನಿಷ್ಠಾವಂತರ ವಿಭಾಗ ನಮ್ಮದು.

ಇಂಥ ವಿಭಾಗಕ್ಕೆ ಅಳಿಯ ಬಂದ.

ಅಳಿಯ ಎಂದರೆ ಮನುಷ್ಯನಲ್ಲ, ಕೃತಕ ಬುದ್ಧಿಯ ಯಂತ್ರ. ಮಾತ್ರೆಯ ಡಬ್ಬಿಯ ಮೇಲೆ ಅಚ್ಚಾದ ನಂಬರಿಗೆ ಯಾರು ಕರೆ ಮಾಡಿದರೂ ಫೋನೆತ್ತಿ ಮಾತಾಡುತ್ತದೆ, ಮಾತಾಡಿದ್ದನ್ನು ಬರೆದುಕೊಳ್ಳುತ್ತದೆ, ಬರೆದದ್ದನ್ನು ವಿಂಗಡಿಸುತ್ತದೆ, ಒಂದೇ ತರಹದ ದೂರು ಮತ್ತೆ ಮತ್ತೆ ಬಂದರೆ ಪರದೆಯ ಮೇಲೆ ಕೆಂಪು ಬಾವುಟ ಏರಿಸುತ್ತದೆ. ಅದಕ್ಕೆಂದು ತಣ್ಣನೆಯ ಬೇರೆ ಕೋಣೆ. ಅದರ ಬಾಗಿಲನ್ನು ಮೆಲ್ಲಗೆ ಹಾಕಬೇಕು. ನಮಗೆ ಬೇಸಿಗೆಯಲ್ಲಿ ಫ್ಯಾನು ಕೇಳಿದರೆ ಇಲ್ಲ, ಅದಕ್ಕೆ ಬೆವರು ಬರದಿದ್ದರೂ ತಂಪು. ಅದು ಏನು ಮಾಡಿದರೂ ಮೇಲಿನವರಿಗೆ ಚೆಂದ. ಹೊಸ ಅಳಿಯನ ಉಪಚಾರ ಇದಕ್ಕಿಂತ ಬೇರೆ ಇರುತ್ತದೆಯೇ? ಹೆಸರಿಟ್ಟವಳು ನಾನೇ, ಅದರಲ್ಲಿ ನನಗೆ ಸಂಕೋಚವಿಲ್ಲ.

ನಮ್ಮ ಮುಖ್ಯಸ್ಥರಿಗೆ ಮಾತ್ರ ನಾವು ಹೆಸರಿಡುವ ಕಷ್ಟ ಬರಲಿಲ್ಲ. ಲಿಫ್ಟಿನಿಂದ ಇಳಿಯುವ ಮೊದಲೇ ಅವರ ದನಿ ಇಳಿಯುತ್ತಿತ್ತು. ಗುಡುಗು. ಆ ಗುಡುಗು ಒಂದು ಬೆಳಿಗ್ಗೆ ನಮ್ಮಿಬ್ಬರನ್ನೂ ಕರೆದು ಹೇಳಿತು.

"ನೋಡಿ, ಮೇಲಿನವರು ಕೇಳ್ತಿದ್ದಾರೆ, ಯಂತ್ರ ಇದ್ಮೇಲೆ ಇಬ್ಬರು ಯಾಕೆ ಅಂತ. ತಿಂಗಳ ಕೊನೆಗೆ ಸಭೆ ಇದೆ. ಅಷ್ಟರೊಳಗೆ ಯಂತ್ರ ಮಾಡಿದ ಒಂದೇ ಒಂದು ದೊಡ್ಡ ತಪ್ಪು ತೋರಿಸಿ. ತೋರಿಸಿದ್ರೆ ಎರಡೂ ಕುರ್ಚಿ ಉಳಿಯುತ್ತೆ. ಇಲ್ಲ ಅಂದ್ರೆ ಒಂದು."

"ಇನ್ನೊಂದು ಕುರ್ಚಿ, ಸರ್?" ಎಂದೆ.

"ನೆಲಮಾಳಿಗೆಗೆ. ಡಬ್ಬಿಗೆ ಲೇಬಲ್ ಅಂಟಿಸೋ ಕಡೆ ಜನ ಬೇಕಂತೆ."

ನಿಟ್ಟುಸಿರು ಸೇವೆಯಲ್ಲಿ ನನಗಿಂತ ಹಿರಿಯರು. ಹಾಗಾಗಿ ಲೇಬಲ್ ಯಾರ ಪಾಲಿಗೆ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರು ನನ್ನ ಪರವಾಗಿ ಉದ್ದನೆಯದೊಂದು ಬಿಟ್ಟರು.

ಅಂದಿನಿಂದ ನಾನು ಅಳಿಯನ ಹಿಂದೆ ಬಿದ್ದೆ. ಮೊಸರಲ್ಲಿ ಕಲ್ಲು ಹುಡುಕುವುದು ಎನ್ನುತ್ತಾರಲ್ಲ, ಅದೇ. ಆದರೆ ಅದು ಜಾಣ. ತುರಿಕೆಯನ್ನು ತುರಿಕೆ ಎಂದೇ ಬರೆಯಿತು, ವಾಂತಿಯನ್ನು ವಾಂತಿ ಎಂದೇ ಬರೆಯಿತು. ಗೊರಕೆಯ ಹೆಂಗಸು ಮತ್ತೆ ಫೋನು ಮಾಡಿದಾಗ 'ಕಿವಿ ಚುರುಕಾಗಿರುವ ಸಾಧ್ಯತೆ' ಎಂದು ಬರೆದು ಮುಗಿಸಿತು. ನನ್ನ ಹೊಟ್ಟೆ ಉರಿದುಹೋಯಿತು.

ಮನೆಯಲ್ಲಾದರೂ ನೆಮ್ಮದಿ ಉಂಟೇ? ಮನೆಯಲ್ಲಿ ನನ್ನ ಅತ್ತೆ. ಅವರಿಗೆ ರಕ್ತದೊತ್ತಡ. ನಮ್ಮ ಕಂಪನಿಯದೇ ಹೊಸ ಮಾತ್ರೆ, ಸಿಬ್ಬಂದಿಗೆ ಅಗ್ಗದಲ್ಲಿ ಸಿಗುತ್ತದೆಂದು ನಾನೇ ತಂದುಕೊಡುತ್ತಿದ್ದೆ. ಇತ್ತೀಚೆಗೆ ಅವರು ಊಟಕ್ಕೆ ಕೂತರೆ ಮೊದಲ ತುತ್ತಿಗೇ ತಟ್ಟೆ ಹಿಂದೆ ತಳ್ಳುತ್ತಿದ್ದರು.

"ಉಪ್ಪಿಲ್ಲ."

"ಹಾಕಿದೀನಿ ಅತ್ತೆ."

"ಹಾಕಿರಬಹುದು. ಇಲ್ಲ ಅಷ್ಟೆ."

ಆಲೂಗಡ್ಡೆಗೆ ಉಪ್ಪಿಲ್ಲ, ಬೀನ್ಸಿಗೆ ಉಪ್ಪಿಲ್ಲ, ಬೇಯಿಸಿದ ಮೊಟ್ಟೆಗೂ ಉಪ್ಪಿಲ್ಲ. ಮೊಟ್ಟೆ ಇಟ್ಟ ಕೋಳಿಯನ್ನು ಕೇಳಿ ಎನ್ನಬೇಕೆನಿಸಿ ನಾಲಗೆ ಕಚ್ಚಿಕೊಂಡಿದ್ದೆ. ನನ್ನ ಗಂಡ ಅಮ್ಮನ ಮುಖ ನೋಡಿ 'ಸ್ವಲ್ಪ ಕಮ್ಮಿ ಇರಬಹುದು' ಎನ್ನುವರು, ನನ್ನ ಮುಖ ನೋಡಿ 'ಸರಿಯಾಗೇ ಇದೆ' ಎನ್ನುವರು, ಆಮೇಲೆ ಯಾರ ಮುಖವನ್ನೂ ನೋಡದೆ ನೀರು ಕುಡಿಯುವರು. ನಾನು ದಿನದಿನಕ್ಕೆ ಉಪ್ಪು ಏರಿಸುತ್ತ ಹೋದೆ. ಗಂಡ ನೀರು ಏರಿಸುತ್ತ ಹೋದರು. ಅತ್ತೆಯ ಮಾತು ಮಾತ್ರ ಇದ್ದಲ್ಲೇ ಇತ್ತು. ಕೊನೆಕೊನೆಗೆ ನಾನು 'ಆಯ್ತತ್ತೆ' ಎಂಬ ಒಂದು ಮಾತಿಟ್ಟುಕೊಂಡೆ. ಅವರು ಏನೇ ಅನ್ನಲಿ, ಆಯ್ತತ್ತೆ. ಆ ಮಾತಿನಿಂದ ಕಿವಿಗೂ ಕೆಲಸವಿಲ್ಲ, ತಲೆಗೂ ಕೆಲಸವಿಲ್ಲ.

ಅವರ ಇನ್ನೊಂದು ವಿಚಿತ್ರವೂ ಕಣ್ಣಿಗೆ ಬಿದ್ದಿತ್ತು. ಕನ್ನಡಕ ಮೂಗಿನ ಮೇಲೇ ಇರುತ್ತಿತ್ತು, ಆದರೂ ಊಟಕ್ಕೆ ಬರುವಾಗ ಕನ್ನಡಕದ ಡಬ್ಬಿ ತಂದು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ವಯಸ್ಸಾಯಿತು ಎಂದುಕೊಂಡೆ. ಅದೇ ವಾರ ಡಾಕ್ಟರು ಒತ್ತಡ ಏರಿದೆ ಎಂದು ಮಾತ್ರೆಯ ಪ್ರಮಾಣ ಹೆಚ್ಚಿಸಿದರು. ಅದಕ್ಕೂ ನಾನು ವಯಸ್ಸಾಯಿತು ಎಂದೇ ಅಂದುಕೊಂಡೆ.

ಅಷ್ಟರಲ್ಲಿ ಆಫೀಸಿನಲ್ಲಿ ನನ್ನ ಅದೃಷ್ಟ ಖುಲಾಯಿಸಿತು. ಒಂದು ದಿನ ಹೋಗಿ ನೋಡಿದರೆ ಅಳಿಯ ಕೆಂಪು ಬಾವುಟ ಏರಿಸಿ ಕೂತಿದ್ದಾನೆ. ಯಾವುದಕ್ಕೆ? ನಮ್ಮ ಆ ಒತ್ತಡದ ಮಾತ್ರೆಗೇ. ಏನೆಂದು? 'ರುಚಿ ನಷ್ಟ. ಗಂಭೀರ ಸೂಚನೆ.' ಆಧಾರವೇನೆಂದು ತೆಗೆದು ನೋಡಿದೆ. ಬಹುಪಾಲು ಕರೆಗಳು ಒಬ್ಬರೇ ಹೆಂಗಸಿನವು. ಹೆಸರು, ನಂಬರು, ವಿಳಾಸ ಎಲ್ಲವನ್ನೂ ಗುಟ್ಟು ಕಾಪಾಡಲೆಂದು ಮರೆಮಾಚಿ, ಅಳಿಯ ತನ್ನ ಗ್ರಂಥದ ಭಾಷೆಯಲ್ಲಿ ಸಾರಾಂಶ ಬರೆದಿದ್ದ: 'ವೃದ್ಧ ಮಹಿಳೆ. ಸೊಸೆ ತಯಾರಿಸುವ ಆಹಾರದಲ್ಲಿ ಲವಣಾಂಶವಿಲ್ಲವೆಂದು ಪ್ರತಿದಿನ ಮಧ್ಯಾಹ್ನ ದೂರುತ್ತಾರೆ. ಸೊಸೆಯ ಮುಖಭಾವದ ಬಗ್ಗೆಯೂ ದೂರಿದೆ.'

ನಾನು ನಕ್ಕ ನಗುವಿಗೆ ನಿಟ್ಟುಸಿರು ಉಸಿರು ಬಿಡುವುದನ್ನೇ ಮರೆತರು.

"ಇಲ್ನೋಡಿ! ಅತ್ತೆ ಸೊಸೆ ಜಗಳಾನ ಇದು ಕಾಯಿಲೆ ಅಂತ ಬರ್ಕೊಂಡಿದೆ!"

"ಅಯ್ಯೋ, ಆ ಸೊಸೆ ಯಾರೋ, ಪಾಪ," ಎಂದರು ಅವರು.

"ಪಾಪ ಅಂದ್ರೆ ಪಾಪ. ಅವಳ ವಿಳಾಸ ಸಿಕ್ಕಿದ್ರೆ ಒಂದು ಹೂವಿನ ಗುಚ್ಛ ಕಳಿಸಬೇಕು ನೋಡಿ. ನಮ್ಮನೇಲೂ ಇದೇ ಗೋಳು. ಈ ಅತ್ತೆಯರೆಲ್ಲ ಒಂದೇ ಶಾಲೆಯಲ್ಲಿ ಓದಿದೋರು."

ಬೇರೆ ಊರುಗಳಿಂದಲೂ ನಾಲ್ಕಾರು ಕರೆಗಳಿದ್ದವು, ಊಟ ಸಪ್ಪೆ, ಚಹಾ ಸಪ್ಪೆ ಎಂದು. ಅವೂ ಅತ್ತೆಯರೇ ಇರಬೇಕೆಂದು ನಾನು ತೆರೆದೇ ನೋಡಲಿಲ್ಲ. ಬಾವುಟ ಏರಿದರೆ ಕರೆ ಮಾಡಿದವರಿಗೆ ನಾವು ಅಳಿಯನ ಮೂಲಕ ತಿರುಗಿ ಫೋನು ಮಾಡಿ ವಿಚಾರಿಸಬೇಕು, ಅದು ಕ್ರಮ. ಗೆದ್ದ ಗುಂಗಿನಲ್ಲಿ ಅದನ್ನೂ ಮಾಡಲಿಲ್ಲ. ಸಭೆಯಲ್ಲಿ ಆ ಹೆಂಗಸಿನ ಕರೆಯೊಂದರ ಧ್ವನಿಯನ್ನೇ ಕೇಳಿಸಿಬಿಡುತ್ತೇನೆ, ಅಳಿಯನ ಮಾನ ಅಲ್ಲೇ ಹರಾಜಾಗಲಿ ಎಂದುಕೊಂಡೆ. ಆ ರಾತ್ರಿ ಅತ್ತೆ ಉಪ್ಪಿಲ್ಲ ಎಂದಾಗ ನನಗೆ ಸಿಟ್ಟು ಕೂಡ ಬರಲಿಲ್ಲ. ಆಯ್ತತ್ತೆ ಎಂದು ಹಲ್ಲು ಕಿರಿದೆ.

ಸಭೆಯ ದಿನ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಹೋದೆ. ಉದ್ದನೆಯ ಮೇಜು, ಮೇಜಿನ ತಲೆಗೆ ಗುಡುಗು, ಅವರ ಪಕ್ಕ ಮೇಲಿನ ಮಹಡಿಯ ಮೂವರು, ಇತ್ತ ಕಡೆ ನಾವಿಬ್ಬರು. ಮಧ್ಯದಲ್ಲಿ ಸ್ಪೀಕರು. ನಾನು ಎದ್ದು ನಿಂತು ಉಪ್ಪು ಖಾರ ಹಚ್ಚಿಯೇ ಪೀಠಿಕೆ ಹಾಕಿದೆ. ಯಂತ್ರಕ್ಕೆ ಸಂಸಾರ ಗೊತ್ತಿಲ್ಲ, ನಾಲಗೆಯ ಕಾಯಿಲೆ ಬೇರೆ, ನಾಲಗೆಯ ಚಾಳಿ ಬೇರೆ, ಅದನ್ನು ತಿಳಿಯಲು ಮನುಷ್ಯರೇ ಬೇಕು ಎಂದೆಲ್ಲ ಹೇಳಿ ಬಟನ್ ಒತ್ತಿದೆ.

"ಹಲೋ, ಏನಪ್ಪಾ, ಊಟ ಆಯ್ತಾ?" ಎಂದಿತು ಸ್ಪೀಕರು.

ಆ ದನಿ ಬೆಳಗಾದರೆ ನಮ್ಮ ಬಚ್ಚಲಿನ ಬಾಗಿಲು ತಟ್ಟುವ ದನಿ.

"ನಾನು ಯಂತ್ರ, ಊಟ ಮಾಡುವುದಿಲ್ಲ. ವಿಚಾರಿಸಿದ್ದಕ್ಕೆ ಧನ್ಯವಾದಗಳು. ಇಂದು ನಿಮ್ಮ ಆರೋಗ್ಯ ಹೇಗಿದೆ?" ಎಂದ ಅಳಿಯ, ಬೆಣ್ಣೆಯಂಥ ಕಂಠದಲ್ಲಿ.

"ಊಟ ಮಾಡ್ದಿದ್ರೆ ನೀನೇ ಪುಣ್ಯವಂತ ಕಣಪ್ಪ. ನಮ್ಮ ಸೊಸೆ ಅಡುಗೆ ತಿನ್ನೋ ಕಷ್ಟ ಇಲ್ಲ."

ಮೇಜಿನ ಸುತ್ತ ನಗು ಎದ್ದಿತು. ಗುಡುಗು ಮೇಜು ಗುದ್ದಿ ನಕ್ಕರು. ಭೂಮಿ ಬಾಯಿ ಬಿಡಬಾರದೇ ಎನಿಸಿತು, ಆದರೆ ನಾಲ್ಕನೇ ಮಹಡಿಯಲ್ಲಿ ಭೂಮಿ ಎಲ್ಲಿ ಸಿಗಬೇಕು? ಅತ್ತೆ ಮುಂದುವರಿಸಿದರು.

"ಅವಳೂ ಔಷಧದ ಆಫೀಸಲ್ಲೇ ಇರೋದು. ಊರೋರಿಗೆಲ್ಲ ಏನಾಯ್ತು, ಯಾವಾಗಿಂದ, ಅಂತ ಕೇಳೋ ಕೆಲಸ. ನಾನೇನಾದ್ರೂ ಅಂದ್ರೆ ಮಾತ್ರ 'ಆಯ್ತತ್ತೆ'. ಏನಾಯ್ತು? ಏನೂ ಆಗಿಲ್ಲ! ನೀನೇ ವಾಸಿ. ನೀನು ಕೇಳ್ತೀಯ."

ನಿಟ್ಟುಸಿರು ತಿರುಗಿ ನನ್ನನ್ನು ನೋಡಿದರು. 'ಆಯ್ತತ್ತೆ'ಯನ್ನು ಅವರು ನನ್ನ ಫೋನಿನಲ್ಲಿ ಎಷ್ಟು ಸಲ ಕೇಳಿಸಿಕೊಂಡಿಲ್ಲ? ಆದರೆ ಬಾಯಿಗೆ ಬೀಗ ಹಾಕಿಕೊಂಡರು, ಪುಣ್ಯಾತ್ಮರು.

"ಸಾಕು ಸಾಕು, ನಿಲ್ಲಿಸಿ!" ಗುಡುಗು ಕಣ್ಣೊರೆಸಿಕೊಂಡರು. "ಇದು ತಪ್ಪಲ್ಲದೆ ಇನ್ನೇನು? ಬಾವುಟ ಇಳಿಸಿ, ಕಡತ ಮುಚ್ಚಿ. ನಿಮ್ಮ ಕುರ್ಚಿ ಉಳೀತು ಹೋಗಿ."

ನಿಲ್ಲಿಸಲು ಕೈ ಚಾಚಿದೆ. ಅಷ್ಟರಲ್ಲಿ ಅಳಿಯ ಒಂದು ಪ್ರಶ್ನೆ ಕೇಳಿದ.

"ಬೇರೆಯವರು ಮಾಡಿದ್ದು ತಿಂದಾಗಲೂ ಹಾಗೆಯೇ ಅನಿಸುತ್ತದೆಯೇ?"

ಸ್ಪೀಕರಿನಲ್ಲಿ ಅತ್ತೆ ದನಿ ತಗ್ಗಿಸಿದರು. ಅವರು ದನಿ ತಗ್ಗಿಸಿದ್ದನ್ನು ನಾನು ಮದುವೆಯಾದಾಗಿನಿಂದ ಕೇಳಿರಲಿಲ್ಲ.

"ಪಕ್ಕದ ಮನೆಯವಳು ಕೇಕು ಕೊಟ್ಟಿದ್ಲು. ಹತ್ತಿ ಅಗಿದ ಹಾಗಿತ್ತು. ಸಕ್ಕರೇನೇ ಬಾಯಿಗೆ ಹಾಕ್ಕೊಂಡು ನೋಡ್ದೆ. ಮರಳು. ನನ್ನ ನಾಲಗೇನೇ ಸತ್ತೋಗಿದೆ ಕಣಪ್ಪ. ಅವಳಿಗೆ ಹೇಳಿದ್ರೆ ವಯಸ್ಸಾಯ್ತು ಅಂತಾಳೆ. ಅದಕ್ಕೇ ಉಪ್ಪಿಲ್ಲ ಅಂತ ಅವಳ ಮೇಲೇ ಹಾಕಿಬಿಡ್ತೀನಿ. ಕನ್ನಡಕದ ಡಬ್ಬೀಲಿ ಉಪ್ಪು ಇಟ್ಕೊಂಡಿದೀನಿ, ಯಾರೂ ನೋಡ್ದಾಗ ಸುರ್ಕೋತೀನಿ. ಆದ್ರೂ ಏನೂ ಇಲ್ಲ."

ಕರೆ ಅಲ್ಲಿಗೆ ಮುಗಿಯಿತು. ಕೋಣೆಯಲ್ಲಿ ಕೆಲವರ ಮುಖದ ಮೇಲೆ ನಗು ಇನ್ನೂ ಉಳಿದಿತ್ತು, ಇಳಿಸಲು ಮರೆತ ಹಾಗೆ. ನನ್ನ ತಲೆಯಲ್ಲಿ ಮಾತ್ರ ಒಂದಕ್ಕೊಂದು ಕೂಡಿಕೊಳ್ಳುತ್ತಿತ್ತು. ಮಾತ್ರೆ ರುಚಿ ಕೊಂದಿತು. ರುಚಿಯಿಲ್ಲದ್ದಕ್ಕೆ ಅವರು ಉಪ್ಪು ಸುರಿದುಕೊಂಡರು, ಸಾಲದ್ದಕ್ಕೆ ನಾನೂ ಸುರಿದೆ. ಉಪ್ಪಿನಿಂದ ಒತ್ತಡ ಏರಿತು. ಒತ್ತಡಕ್ಕೆ ಡಾಕ್ಟರು ಅದೇ ಮಾತ್ರೆಯನ್ನು ಇನ್ನಷ್ಟು ಕೊಟ್ಟರು. ಹೀಗೇ ಬಿಟ್ಟಿದ್ದರೆ ಒಂದು ದಿನ ಮುದುಕಿ ಊಟದ ಮೇಜಿನ ಮುಂದೆಯೇ ಕುಸಿಯುತ್ತಿದ್ದರು, ನಾನು ಆಯ್ತತ್ತೆ ಎನ್ನುತ್ತಿದ್ದೆ.

ಆ ದನಿ ಯಾರದೆಂದು ಆ ಕೋಣೆಯಲ್ಲಿ ನಿಟ್ಟುಸಿರಿಗೆ ಬಿಟ್ಟರೆ ಯಾರಿಗೂ ತಿಳಿದಿರಲಿಲ್ಲ. ಸುಮ್ಮನಿದ್ದರೆ ಕುರ್ಚಿ ನನ್ನದು. ಮನೆಗೆ ಹೋಗಿ ಅತ್ತೆಯ ಮಾತ್ರೆಯನ್ನು ಗುಟ್ಟಾಗಿ ಬದಲಾಯಿಸಿದರೆ ಮುಗಿಯಿತು. ಆದರೆ ಬಾವುಟ ಇಳಿದುಬಿಡುತ್ತಿತ್ತು. ಇನ್ನೆಷ್ಟೋ ಮನೆಗಳಲ್ಲಿ ಇನ್ನೆಷ್ಟೋ ಕನ್ನಡಕದ ಡಬ್ಬಿಗಳು ತುಂಬುತ್ತಿದ್ದವು. ನನಗೆ ಹಾಳು ಸಿಟ್ಟು ಬಂತು, ಯಾರ ಮೇಲೆ ಎಂದು ಮೊದಲು ತಿಳಿಯಲಿಲ್ಲ, ಆಮೇಲೆ ತಿಳಿಯಿತು, ನನ್ನ ಮೇಲೇ.

"ಸರ್, ಬಾವುಟ ಇಳಿಸಬೇಡಿ," ಎಂದೆ. "ಯಂತ್ರ ತಪ್ಪು ಮಾಡಿಲ್ಲ. ಆ ಸೊಸೆ ನಾನು."

ನಿಟ್ಟುಸಿರು ಬಿಟ್ಟ ನಿಟ್ಟುಸಿರಿಗೆ ಮೇಜಿನ ಮೇಲಿನ ಕಾಗದ ಹಾರಿತು.

ಅಲ್ಲೇ ಕೂತು ಉಳಿದ ಕರೆಗಳನ್ನೂ ತೆರೆದು ಓದಿದೆವು. ಅದರಲ್ಲೊಬ್ಬರು ತಾವೇ ಬೇಯಿಸಿಕೊಂಡು ತಿನ್ನುವ ಒಂಟಿ ಗಂಡಸು. ಬೈಯಲು ಅವರಿಗೆ ಸೊಸೆಯೇ ಇರಲಿಲ್ಲ, ಪಾಪ ಒಲೆಯನ್ನೇ ಬದಲಾಯಿಸಿದ್ದರು. ಚೀಟಿಯಲ್ಲಿ ರುಚಿಯ ಮಾತೇ ಇರಲಿಲ್ಲ. ಅನಿರೀಕ್ಷಿತ, ಗಂಭೀರ ಎಂದು ಗುರುತು ಮಾಡಿ, ಮನೆಯಲ್ಲಿ ಕಣ್ಣಾರೆ ಕಂಡವಳು ಎಂದು ನಾನೇ ಸಹಿ ಹಾಕಿದೆ. ಮೇಲಿನ ಮಹಡಿಯವರ ನಿದ್ದೆ ಕೆಟ್ಟಿತು. ಚೀಟಿ ತಿದ್ದಲು ಒಪ್ಪಿದರು, ಡಾಕ್ಟರುಗಳಿಗೆಲ್ಲ ಎಚ್ಚರಿಕೆ ಹೋಯಿತು.

ಆದರೆ ಒಪ್ಪಂದ ಒಪ್ಪಂದವೇ. ಗುಡುಗು ಅಂದು ಗುಡುಗಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ತಂದದ್ದು. "ನೀವು ಮಾಡಿದ್ದು ಸರಿ. ಆದ್ರೆ ಯಂತ್ರದ್ದೂ ಸರಿಯಾಯ್ತಲ್ಲಮ್ಮ. ಸೋಮವಾರದಿಂದ ಲೇಬಲ್ಲು," ಎಂದರು.

ಮನೆಗೆ ಬಂದು ಕೈಕಾಲು ತೊಳೆಯದೆ ಅತ್ತೆಯ ಎದುರು ಕೂತೆ.

"ಅತ್ತೆ, ಏನಾಯ್ತು? ಯಾವಾಗಿಂದ?"

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಯಾಕೆ, ಆಫೀಸಲ್ಲಿ ಕೆಲಸ ಕಮ್ಮಿಯಾಯ್ತಾ?"

"ಹೂಂ. ಹೇಳಿ ಈಗ."

ಹೇಳಿದರು. ಎಲ್ಲವನ್ನೂ ಹೇಳಿದರು, ಮಂಡಿ ನೋವಿನಿಂದ ಹಿಡಿದು ನನ್ನ ಮುಖಭಾವದವರೆಗೆ. ಕೇಳಿ ಮುಗಿಸುವಷ್ಟರಲ್ಲಿ ನನ್ನ ಕಾಲು ಮರಗಟ್ಟಿತ್ತು. ಕನ್ನಡಕದ ಡಬ್ಬಿಯನ್ನು ತಾವಾಗಿಯೇ ತೆಗೆದು ಕೈಗಿಟ್ಟರು. ಮರುದಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ, ಮಾತ್ರೆ ಬದಲಾಯಿತು. ನಾನು ಉಪ್ಪು ಇಳಿಸಿದೆ, ಗಂಡ ಬಹಳ ದಿನಗಳ ಮೇಲೆ ನೀರು ಕುಡಿಯದೆ ಊಟ ಮುಗಿಸಿದರು.

ಲೇಬಲ್ಲಿನ ಕೆಲಸ ನಾನು ಬಹಳ ದಿನ ಮಾಡಬೇಕಾಗಿ ಬರಲಿಲ್ಲ. ಅದಕ್ಕೆ ಕಾರಣ ನನ್ನ ಪ್ರತಿಭೆಯಲ್ಲ, ಗುಡುಗಿನ ಗಂಟಲು. ನಾನು ಹೋದಮೇಲೆ ಅವರಿಗೆ ಬೈಯಲು ಸರಿಯಾದ ಜನ ಇರಲಿಲ್ಲ. ನಿಟ್ಟುಸಿರಿಗೆ ಬೈದರೆ ನಿಟ್ಟುಸಿರಷ್ಟೇ ತಿರುಗಿ ಬರುತ್ತಿತ್ತು. ಒಂದು ದಿನ ತಡೆಯಲಾರದೆ ಅವರು ಅಳಿಯನಿಗೇ ಫೋನು ಮಾಡಿ ಬೈದರಂತೆ.

"ನಿಮ್ಮ ಬೇಸರ ಅರ್ಥವಾಗುತ್ತದೆ," ಎಂದ ಅಳಿಯ. "ಇದು ಯಾವಾಗಿನಿಂದ ಇದೆ?"

"ನೀನು ಬಂದಾಗಿಂದ!"

"ನಮ್ಮ ಯಾವುದಾದರೂ ಔಷಧ ತೆಗೆದುಕೊಳ್ಳುತ್ತಿದ್ದೀರಾ?"

"ನಿನ್ನ ಕಾಟಕ್ಕೆ ದಿನಾ ತಲೆನೋವಿನ ಮಾತ್ರೆ ನುಂಗ್ತಿದೀನಿ!"

ಅಷ್ಟು ಸಾಕಾಯಿತು. 'ಮಧ್ಯವಯಸ್ಕ ಪುರುಷ. ನಮ್ಮ ತಲೆನೋವಿನ ಮಾತ್ರೆ ಸೇವಿಸಿದ ನಂತರ ಅತಿಯಾದ ಕೋಪ, ಕಿರುಚಾಟ. ಕೋಪದ ಪ್ರಸ್ತಾಪ ಚೀಟಿಯಲ್ಲಿ ಇಲ್ಲ' ಎಂದು ಬರೆದು ಅಳಿಯ ಅದನ್ನು ಮೇಲಕ್ಕೂ ಕಳಿಸಿಬಿಟ್ಟಿದ್ದ. ನಿಟ್ಟುಸಿರು ಅದನ್ನು ಮುಚ್ಚಲು ಹೆದರಿದರು, ಮುಖ್ಯಸ್ಥರ ಕೋಪ ಕಾಯಿಲೆ ಅಲ್ಲ ಎಂದು ಬರೆದು ಸಹಿ ಹಾಕುವ ಧೈರ್ಯ ಯಾರಿಗಿದೆ? ನನ್ನನ್ನು ನೆಲಮಾಳಿಗೆಯಿಂದ ಕರೆಸಿದರು, ಬೆರಳಿಗೆಲ್ಲ ಅಂಟು ಮೆತ್ತಿಕೊಂಡೇ ಹೋದೆ. 'ಹಳೆಯ ಚಾಳಿ, ಔಷಧಕ್ಕೆ ಸಂಬಂಧವಿಲ್ಲ' ಎಂದು ಬರೆದು ಸಹಿ ಹಾಕಿದೆ. ಗುಡುಗು ಓದಿ ಕೆಂಪಾದರು, ಆಮೇಲೆ "ಎಲ್ಲಿಗೆ ಹೋಗ್ತೀರಿ, ನಿಮ್ಮ ಕುರ್ಚಿಯಲ್ಲಿ ಕೂತ್ಕೊಳ್ಳಿ!" ಎಂದು ಗುಡುಗಿದರು. ಆ ದನಿ ಕೇಳಿ ನನಗೆ ಹಾಯೆನಿಸಿತು.

ಇತ್ತ ಅತ್ತೆಯ ನಾಲಗೆಗೆ ಜೀವ ಮರಳಿತು. ಮರಳಿದ ದಿನ ನಮಗೆಲ್ಲ ಗೊತ್ತಾಯಿತು. ಮೊದಲ ತುತ್ತು ಬಾಯಿಗಿಟ್ಟವರೇ ಕಣ್ಣರಳಿಸಿದರು.

"ಉಪ್ಪು ಜಾಸ್ತಿ," ಎಂದರು.

"ಆಯ್ತ..." ಎಂದವಳು ಅಲ್ಲೇ ತಡೆದುಕೊಂಡೆ. "ಎಷ್ಟು ಜಾಸ್ತಿ ಅತ್ತೆ?"

"ಬಾಯಿಗಿಡೋ ಹಾಗಿಲ್ಲ," ಎಂದು ಇನ್ನೊಂದು ಸಲ ಹಾಕಿಸಿಕೊಂಡು, ತಟ್ಟೆಯನ್ನು ಒರೆಸಿದ ಹಾಗೆ ಖಾಲಿ ಮಾಡಿ ಎದ್ದುಹೋದರು.

ಮರುದಿನ ಆಫೀಸಿನಲ್ಲಿ ಮಧ್ಯಾಹ್ನದ ಊಟ ಮುಗಿಸಿ ಬಂದಾಗ ನನ್ನ ಪರದೆಯ ಮೇಲೆ ಹಳದಿ ಬಾವುಟವೊಂದು ಕಾಯುತ್ತಿತ್ತು. ಹಳದಿ ಎಂದರೆ ಅಳಿಯನಿಗೆ ಅರ್ಥವಾಗಿಲ್ಲ ಎಂದರ್ಥ. 'ವೃದ್ಧ ಮಹಿಳೆ. ಕರೆಯಲ್ಲಿ ಯಾವುದೇ ತೊಂದರೆ ಪತ್ತೆಯಾಗಿಲ್ಲ. ವಿಂಗಡಿಸಲು ಸಾಧ್ಯವಾಗುತ್ತಿಲ್ಲ. ದಯವಿಟ್ಟು ಮನುಷ್ಯರು ಪರಿಶೀಲಿಸಿ.' ನಾನು ಸ್ಪೀಕರಿನ ದನಿ ತಗ್ಗಿಸಿ, ಕಿವಿ ಹತ್ತಿರ ತಂದುಕೊಂಡೆ.

"ನಿಂಗೊಂದು ವಿಷಯ ಹೇಳೋಣ ಅಂತ ಮಾಡ್ದೆ ಕಣಪ್ಪ. ನಾಲಗೆ ಸರಿಹೋಯ್ತು. ನಮ್ಮ ಸೊಸೆ ಕೈಯಡುಗೆ ಇದೆಯಲ್ಲ, ಇಷ್ಟು ದಿನ ತಿನ್ನೋಕಾಗದೆ ಹೊಟ್ಟೆ ಉರೀತಿತ್ತು ನಂಗೆ. ನಿನ್ನೆ ಎರಡು ಸಲ ಹಾಕಿಸ್ಕೊಂಡೆ. ನಮ್ಮಮ್ಮನ್ನ ಬಿಟ್ರೆ ಇವಳೇ. ಬರ್ಕೊಂಡ್ಯಾ? ಬರ್ಕೋ. ಅವಳಿಗೆ ಮಾತ್ರ ಹೇಳ್ಬೇಡ, ತಲೆ ಮೇಲೆ ಕೂತ್ಕೋತಾಳೆ."

ಅದನ್ನೇ ಮತ್ತೊಮ್ಮೆ ಕೇಳಿ ಕಣ್ಣೊರೆಸಿಕೊಂಡೆ. ಪಕ್ಕದ ಮೇಜಿನಿಂದ "ಏನಾಯ್ತು?" ಎಂದರು ನಿಟ್ಟುಸಿರು. ಏನಿಲ್ಲ, ಕಣ್ಣಿಗೆ ಧೂಳು ಎಂದೆ. ಕಡತ ಮುಚ್ಚಬೇಕಿತ್ತು. ಗಂಭೀರವೋ, ಅಲ್ಲವೋ? ಗಂಭೀರವಲ್ಲ ಎಂದು ಗುರುತು ಮಾಡಿದೆ. ನಿರೀಕ್ಷಿತವೋ, ಅನಿರೀಕ್ಷಿತವೋ? ಅದಕ್ಕೆ ನಾನು ಯೋಚಿಸಲೇ ಇಲ್ಲ. ಅನಿರೀಕ್ಷಿತ ಎಂದು ಒತ್ತಿದೆ. ಮೇಲಿನವರ ನಿದ್ದೆ ಕೆಟ್ಟರೆ ಕೆಡಲಿ.